ಸಾ ಇಲ್ಲದ ಒಂಬತ್ತು ಬಾರ್: ಪಿಯಾನೊದಲ್ಲಿ ನನ್ನ ಅನುಭವ

ಕರ್ನಾಟಕ ಸಂಗೀತ ಕಲಿತು ಆಮೇಲೆ ಪಿಯಾನೊಗೆ ಬಂದವಳು ನಾನು. ನನ್ನಂಥವರು ಅಟೋನಲ್ ಸಂಗೀತ (ಯಾವ ಸ್ವರವೂ ಆಧಾರವಾಗಿ ನಿಲ್ಲದ ಸಂಗೀತ) ನುಡಿಸಬೇಕು ಅಂದರೆ, ಆಸ್ಟ್ರಿಯಾದ ಸಂಯೋಜಕ ಆರ್ನಾಲ್ಡ್ ಷೋನ್‌ಬರ್ಗ್ 1911ರಲ್ಲಿ ಬರೆದ ಆರು ಪುಟ್ಟ ತುಣುಕುಗಳಲ್ಲಿ (ಓಪಸ್ 19, ಅಂದರೆ ಕೃತಿ ಸಂಖ್ಯೆ 19) ಎರಡನೆಯದನ್ನು ಮೊದಲು ಹಿಡಿಯಿರಿ. ಒಂಬತ್ತೇ ಬಾರ್ (ನಮ್ಮ ತಾಳದ ಆವರ್ತದ ಹಾಗೆ ಲಯದ ಒಂದೊಂದು ಅಳತೆ). ಬೆರಳಿಗೆ ಅಷ್ಟೇನೂ ಕಷ್ಟವಿಲ್ಲ, ಕಿವಿಗೆ ಮಾತ್ರ ತುಂಬಾ ಕೆಲಸ.

ಇದರಲ್ಲಿ ಜಿ ಮತ್ತು ಬಿ ಎಂಬ ಎರಡು ಸ್ವರ ಒಟ್ಟಿಗೆ, ಬಹಳ ಚುಟುಕಾಗಿ, ಮತ್ತೆ ಮತ್ತೆ ಬರುತ್ತವೆ. ನಮ್ಮ ಕಿವಿಗೆ ಅದು ಸಾ ಮತ್ತು ಅಂತರ ಗಾಂಧಾರ, ಅಲ್ವಾ? ಕೇಳಿದ ಕೂಡಲೇ ಮನಸ್ಸು ಜಿಯನ್ನೇ ಆಧಾರ ಷಡ್ಜ ಅಂತ ಹಿಡಿದುಬಿಡುತ್ತದೆ. ಸುತ್ತ ಬರುವ ಸ್ವರಗಳು ಆ ಸಾಗೆ ನಿಲ್ಲುವುದೇ ಇಲ್ಲ.

ಹಾಗಾಗಿ ಆ ಜೋಡಿಯನ್ನು ಪಕ್ಕಕ್ಕಿಟ್ಟು, ಉಳಿದದ್ದನ್ನು ತಂಬೂರಿ ಇಲ್ಲದೆ ಹಾಡಿದೆ. ಸರಿಗಮ ಹೇಳಲಿಲ್ಲ, ಹೇಳಿದರೆ ಸಾ ತಾನಾಗೇ ಬಂದು ಕೂರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಎಷ್ಟು ಅರ್ಧಸ್ವರ ಅಂತ ಎಣಿಸಿ, ಹಾಡಿ, ಆಮೇಲೆ ಕೀ ಒತ್ತಿ ನೋಡುತ್ತಿದ್ದೆ. ಇದು ನಿಧಾನದ ಕೆಲಸ, ಆದರೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಜೋಡಿಯನ್ನು ಮತ್ತೆ ಸೇರಿಸಿದಾಗ ಎರಡೂ ಸ್ವರಕ್ಕೆ ಒಂದೇ ತೂಕ ಕೊಟ್ಟೆ. ಜಿ ಸ್ವಲ್ಪ ಜಾಸ್ತಿಯಾದರೂ ಶ್ರುತಿ ಹಿಡಿದ ಹಾಗೆ ಕೇಳಿಸುತ್ತದೆ.

ಇದರಲ್ಲಿ ಹನ್ನೆರಡು ಸ್ವರಗಳ ಸಾಲು ಹುಡುಕಬೇಡಿ. ಹನ್ನೆರಡೂ ಸ್ವರಗಳನ್ನು ಮೊದಲೇ ಗೊತ್ತುಮಾಡಿದ ಕ್ರಮದಲ್ಲಿ ಬಳಸುವ ಆ ಪದ್ಧತಿ ಬಂದದ್ದು 1920ರ ದಶಕದಲ್ಲಿ. ಇಲ್ಲಿ ಷೋನ್‌ಬರ್ಗ್ ಕಿವಿಯನ್ನೇ ನಂಬಿ ಬರೆದಿದ್ದಾರೆ. ಶ್ರುತಿಯನ್ನು ಒಂದೇ ಏಟಿಗೆ ಬಿಟ್ಟವರೂ ಅಲ್ಲ: 1908ರ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಮೇಳದ ಕೃತಿ) ಎಫ್ ಶಾರ್ಪ್ ಮೈನರ್‌ ಶ್ರುತಿಯಲ್ಲಿ ಶುರುವಾಗುತ್ತದೆ, ಕೊನೆಯ ಭಾಗಕ್ಕೆ ಕೀ ಸಿಗ್ನೇಚರ್ (ಶ್ರುತಿ ಸೂಚಿಸುವ ಗುರುತು) ಇಲ್ಲ, ಆದರೂ ಮುಗಿಯುವುದು ಎಫ್ ಶಾರ್ಪ್ ಮೇಜರ್‌ನಲ್ಲಿ. ನುಡಿಸುವ ಮುಂಚೆ ಅದನ್ನು ಪೂರ್ತಿ ಕೇಳಿ.

ಆಮೇಲೆ ಆರನೆಯದು. ಮೊದಲ ಐದನ್ನು ಫೆಬ್ರವರಿ 19ರಂದು ಒಂದೇ ದಿನ ಬರೆದಿದ್ದರು. ಮೇ ತಿಂಗಳಲ್ಲಿ, ಅವರು ತುಂಬಾ ಗೌರವಿಸುತ್ತಿದ್ದ ಸಂಯೋಜಕ ಗುಸ್ತಾವ್ ಮಾಲರ್ ತೀರಿಕೊಂಡರು, ಜೂನ್ 17ಕ್ಕೆ ಇದು ಬಂತು. ಬಲಗೈ ಮೂರು ಸ್ವರ ಒತ್ತಿ ಹಿಡಿದಿರುತ್ತದೆ, ಅದು ಕರಗುತ್ತಿರುವಾಗಲೇ ಎಡಗೈಯ ಮೂರು ಸ್ವರ ಸೇರಬೇಕು. ನಾನು ಆ ಮೊದಲ ಕಾರ್ಡ್ (ಒಟ್ಟಿಗೆ ನುಡಿಯುವ ಮೂರು ಸ್ವರ) ಒಂದನ್ನೇ ಹಿಡಿದು, ನಾದ ಎಷ್ಟು ಇಳಿದಿದೆ ಅಂತ ಕೇಳಿ, ಎಡಗೈಯನ್ನು ಅಷ್ಟೇ ಮೆಲ್ಲಗೆ ಇಳಿಸುವುದನ್ನು ಬಹಳ ದಿನ ಅಭ್ಯಾಸ ಮಾಡಿದೆ. ಒಳ್ಳೆಯ ಅಕೌಸ್ಟಿಕ್ ಪಿಯಾನೊ ಸಿಕ್ಕರೆ ಅದರಲ್ಲೇ ಮಾಡಿ, ಅಗ್ಗದ ಕೀಬೋರ್ಡ್‌ನಲ್ಲಿ ಈ ಕರಗುವಿಕೆ ಸರಿಯಾಗಿ ಸಿಗುವುದಿಲ್ಲ. 1909ರ ಓಪಸ್ 11 ಇವಕ್ಕಿಂತ ಉದ್ದ, ಬೆರಳಿಗೂ ಕಷ್ಟ. ಅದನ್ನು ಇವೆರಡೂ ಕೂತ ಮೇಲೆ ತೆಗೆದುಕೊಳ್ಳಿ.