ಹಗ್ಗ ಹಿಡಿದವರೆಲ್ಲ ಎಳೆಯುತ್ತಾರಾ?

ಮಳೆಗಾಲ ಮುಗಿಯುವ ಹೊತ್ತಿಗೆ ಕಾರವಾರದ ಟ್ಯಾಗೋರ್ ಕಡಲತೀರದ ಉದ್ದಕ್ಕೂ ಕಸದ ಸಾಲು ಬಿದ್ದಿರುತ್ತದೆ. ಬಾಟಲಿ, ಥರ್ಮೋಕೋಲ್, ಹರಿದ ಬಲೆ, ಒಂಟಿ ಚಪ್ಪಲಿ. ನಾನು ಡಿಗ್ರಿ ಮಕ್ಕಳಿಗೆ ಮನಃಶಾಸ್ತ್ರ ಹೇಳಿಕೊಡುತ್ತೇನೆ, ಎನ್ನೆಸ್ಸೆಸ್ ಜವಾಬ್ದಾರಿಯೂ ನನ್ನದೇ. ಎರಡು ವರ್ಷದ ಹಿಂದೆ ಒಂದು ಭಾನುವಾರ ಬೆಳಿಗ್ಗೆ 42 ಮಕ್ಕಳನ್ನು ಕರೆದುಕೊಂಡು ಕಸ ಹೆಕ್ಕಲು ಹೋದೆ. ಎರಡು ಗಂಟೆ ಕಳೆದರೂ ತುಂಬಿದ್ದು 11 ಗೋಣಿಚೀಲ.

ನನಗೆ ಸಿಟ್ಟು ಬಂತು. ಒಬ್ಬ ಹುಡುಗಿ ಕೈಕಟ್ಟಿಕೊಂಡು ನಿಂತೇ ಇದ್ದಳು. ಎಲ್ಲರ ಎದುರಿಗೇ ಅವಳಿಗೆ ಬೈದೆ. ‘ಸುಮ್ನೆ ಸೆಲ್ಫಿಗೆ ಬಂದಿದ್ದೀಯಾ? ಸೋಮಾರಿ’ ಅಂದೆ. ಅವಳು ಏನೂ ಹೇಳಲಿಲ್ಲ.

ಅದೇ ವಾರ ಒಂದು ಸಂಜೆ ತೀರದಲ್ಲಿ ಮೀನುಗಾರರು ಏಂಡಿ ಬಲೆ ಎಳೆಯುತ್ತಿದ್ದರು, ಕಡಲಿಗೆ ಬಿಟ್ಟು ದಡದಿಂದ ಹಗ್ಗ ಹಿಡಿದು ಎಳೆಯುವ ಬಲೆ ಅದು. ಎಷ್ಟೋ ಸಲ ನೋಡಿದ್ದೆ, ಆದರೆ ಅವತ್ತು ನಿಂತು ನೋಡಿದೆ. ಹಗ್ಗದ ಮುಂದಿನ ತುದಿಯಲ್ಲಿ, ನೀರಿಗೆ ಹತ್ತಿರ ಇದ್ದವರ ಹಿಮ್ಮಡಿ ಮರಳಲ್ಲಿ ಗೇಣುದ್ದ ಹೂತಿತ್ತು. ಹಿಂದೆ ಹೋದ ಹಾಗೆ ಹೆಜ್ಜೆಯ ಗುಂಡಿ ಸಣ್ಣದಾಗುತ್ತಿತ್ತು. ಕೊನೆಯ ಇಬ್ಬರ ನಡುವೆ ಹಗ್ಗ ಜೋತು ಬಿದ್ದಿತ್ತು. ಅವರೂ ಎಳೆಯುತ್ತಿದ್ದರು, ಮುಖದಲ್ಲಿ ಕಷ್ಟವೂ ಕಾಣುತ್ತಿತ್ತು. ಆದರೆ ಜೋತು ಬಿದ್ದ ಹಗ್ಗ ಸುಳ್ಳು ಹೇಳುವುದಿಲ್ಲ ಅಲ್ವಾ? ಒಬ್ಬ ಅಜ್ಜ ಪಕ್ಕದಲ್ಲೇ ಓಡಾಡುತ್ತ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಿದ್ದರು. ಹೆಸರು ಕೇಳಿದ ಕೂಡಲೇ ಅವನ ಮುಂದಿನ ಹಗ್ಗ ಬಿಗಿಯಾಗುತ್ತಿತ್ತು.

ನನಗೆ ತಕ್ಷಣ ರಿಂಗೆಲ್‌ಮನ್ ನೆನಪಾದ. ಫ್ರಾನ್ಸಿನ ಈ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ಬಲ ಅಳೆದ, 1913ರಲ್ಲಿ ಅದನ್ನು ಪ್ರಕಟಿಸಿದ. ಒಬ್ಬನೇ ಎಳೆದಾಗಿನ ಬಲ 100 ಅಂದುಕೊಳ್ಳಿ. ಇಬ್ಬರು ಸೇರಿದರೆ ತಲಾ 93 ಆಯಿತು, ಮೂವರಾದರೆ 85, ಎಂಟು ಜನರಾದರೆ 49. ಎಲ್ಲರೂ ಒಂದೇ ಸಲಕ್ಕೆ ಎಳೆಯದೆ ಇರುವುದೂ ಇದಕ್ಕೆ ಕಾರಣ, ನಿಜ. ಆದರೆ ಅಷ್ಟೇ ಅಲ್ಲ. 1979ರಲ್ಲಿ ಅಮೆರಿಕದಲ್ಲಿ ಮನಃಶಾಸ್ತ್ರಜ್ಞ ಲಾಟನೆ ಮತ್ತು ಜೊತೆಗಾರರು ವಿದ್ಯಾರ್ಥಿಗಳ ಕಣ್ಣು ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, ಜೋರಾಗಿ ಕೂಗಲು ಹೇಳಿದರು. ಕೂಗುತ್ತಿದ್ದದ್ದು ಒಬ್ಬನೇ. ಆದರೆ ಜೊತೆಗೆ ಇನ್ನೂ ಐದು ಜನ ಕೂಗುತ್ತಿದ್ದಾರೆ ಅಂತ ಅವನು ನಂಬಿದ್ದ. ಆಗ ಅವನ ದನಿ, ಒಬ್ಬನೇ ಕೂಗುವಾಗ ಇದ್ದದ್ದರ 74%ಕ್ಕೆ ಇಳಿಯಿತು. ಇದಕ್ಕೆ ಸೋಶಿಯಲ್ ಲೋಫಿಂಗ್ ಅನ್ನುತ್ತಾರೆ. ನಾನು ಕ್ಲಾಸಿನಲ್ಲಿ ‘ಗುಂಪಿನ ಮೈಗಳ್ಳತನ’ ಅಂತ ಹೇಳುತ್ತಿದ್ದೆ. ಈಗ ಆ ಪದ ನನಗೆ ಅಷ್ಟು ಸರಿ ಅನ್ನಿಸುವುದಿಲ್ಲ. ಅವನು ಕಳ್ಳತನವನ್ನೇನೂ ಮಾಡುತ್ತಿಲ್ಲ. ತನ್ನ ದನಿ ಇಳಿದದ್ದು ಅವನಿಗೇ ಗೊತ್ತಿರುವುದಿಲ್ಲ.

ಮುಂದಿನ ತಿಂಗಳು ಮತ್ತೆ ಹೋದೆವು. ಈ ಸಲ ತೀರಕ್ಕೆ ಗೂಟ ಹೊಡೆದು, ಸುತಳಿ ಕಟ್ಟಿ, 14 ಪಾಲು ಮಾಡಿದೆ. ಮೂವರಿಗೆ ಒಂದು ಪಾಲು. ಪ್ರತಿ ಚೀಲದ ಮೇಲೆ ಮೂವರ ಹೆಸರನ್ನು ಮಾರ್ಕರ್‌ನಲ್ಲಿ ಅವರ ಕೈಯಲ್ಲೇ ಬರೆಸಿದೆ. ಅಷ್ಟೇ ಬದಲಾವಣೆ ಅಂತ ಆಗ ಅಂದುಕೊಂಡಿದ್ದೆ. ಎರಡು ಗಂಟೆಯಲ್ಲಿ 29 ಚೀಲ ತುಂಬಿತು.

ಒಂದು ತೊಂದರೆಯೂ ಆಯಿತು. ಚರಂಡಿ ನೀರು ಬಂದು ಸೇರುವ ಕಡೆ ಕಸ ಜಾಸ್ತಿ, ದೋಣಿ ಎಳೆದಿಡುವ ಕಡೆ ಕಡಿಮೆ. ಯಾರ ಚೀಲ ಎಷ್ಟು ಅಂತ ಲೆಕ್ಕ ಶುರುವಾಗಿ, ಇಬ್ಬರು ಹುಡುಗರು ಪಕ್ಕದವರ ಪಾಲಿನ ಬಾಟಲಿಗೇ ಕೈ ಹಾಕಿದರು. ಜಗಳ. ಆಮೇಲಿಂದ ನಾನು ಚೀಲ ಎಣಿಸುವುದು ಬಿಟ್ಟೆ. ನಿಮ್ಮ ಪಾಲಿನ ಮರಳು ಬರಿಗಾಲಲ್ಲಿ ನಡೆಯುವ ಹಾಗಿರಬೇಕು ಅಂತ ಮಾತ್ರ ಹೇಳುತ್ತೇನೆ. ಕೊನೆಗೆ ಅವರೇ ಚಪ್ಪಲಿ ಬಿಟ್ಟು ನಡೆದು ತೋರಿಸುತ್ತಾರೆ. ಇದನ್ನು ಮಾಡಲು ಹೊರಟವರು ಪಾಲು ಹಾಕುವ ಮೊದಲು ಒಮ್ಮೆ ತೀರದ ಉದ್ದಕ್ಕೂ ನಡೆದು ನೋಡಿ. ಅಳತೆಯಲ್ಲಿ ಸಮ ಇದ್ದರೆ ಸಾಲದು, ಕಸದಲ್ಲೂ ಸಮ ಇರಬೇಕು.

ಆ ಎರಡನೇ ಸಲವೇ ಒಬ್ಬ ಹುಡುಗನ ಕಾಲಿಗೆ ಗಾಜು ಹೊಕ್ಕಿತು. ಅಲ್ಲೇ ಕೂತುಬಿಟ್ಟ, ಮರಳು ಕೆಂಪಾಯಿತು. ‘ಯಾರಾದ್ರೂ ಫಸ್ಟ್ ಏಡ್ ಡಬ್ಬಿ ತನ್ನಿ’ ಎಂದು ಕೂಗಿದೆ. ಸುತ್ತ ಹತ್ತು ಮಂದಿ ಇದ್ದರು, ಒಬ್ಬರೂ ಅಲ್ಲಾಡಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ‘ನೀಲಿ ಟೋಪಿ, ನೀನು ಓಡು’ ಅಂದೆ. ಗುರುತು ಹಿಡಿದು ಹೇಳಿದ್ದೇ ತಡ, ಓಡಿದ. 1968ರಲ್ಲಿ ಡಾರ್ಲಿ ಮತ್ತು ಲಾಟನೆ ತೋರಿಸಿದ್ದೂ ಇದನ್ನೇ. ಒಬ್ಬನಿಗೆ ಫಿಟ್ಸ್ ಬಂದ ಹಾಗೆ ದನಿ ಕೇಳಿಸಿದಾಗ, ಕೇಳಿದ್ದು ತಾನೊಬ್ಬನೇ ಎಂದುಕೊಂಡವರಲ್ಲಿ 85% ಜನ, ಆ ದನಿ ನಿಲ್ಲುವ ಮೊದಲೇ ಸಹಾಯ ಕರೆಯಲು ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದದ್ದು 31%. ಅವರಿಗೆ ಕರುಣೆ ಇಲ್ಲ ಅಂತಲ್ಲ. ಹೊಣೆ ಹಂಚಿಹೋಗಿತ್ತು.

ಕೆಲಸ ಮುಗಿಸಿ ಅವಲಕ್ಕಿ ತಿನ್ನುತ್ತ ಕೂತಾಗ ಆ ಹುಡುಗಿ ನನ್ನ ಪಕ್ಕ ಬಂದಳು. ಅವಳ ಮೂವರ ತಂಡಕ್ಕೆ ಚರಂಡಿ ಬಾಯಿಯ ಪಾಲೇ ಬಂದಿತ್ತು, ಎಲ್ಲರಿಗಿಂತ ಕಷ್ಟದ್ದು. ‘ನೀನು ಹೀಗೆ ಕೆಲಸ ಮಾಡ್ತೀಯ ಅಂತ ಗೊತ್ತಿರಲಿಲ್ಲ’ ಅಂದೆ.

‘ಮೇಡಂ, ಹೋದ ಸಲ ಗ್ಲೌಸ್ 30 ಜೊತೆ ಅಷ್ಟೇ ಇತ್ತು. ಗ್ಲೌಸ್ ಇಲ್ಲದೆ ಯಾರೂ ಕಸ ಮುಟ್ಟಬಾರದು ಅಂತ ನೀವೇ ಹೇಳಿದ್ರಿ.’

ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುವ ಪಾಠ ಇದು. ಬೇರೆಯವರ ನಡವಳಿಕೆ ಕಂಡಾಗ ನಾವು ಅವರ ಸ್ವಭಾವವನ್ನು ದೂರುತ್ತೇವೆ, ಅವರು ನಿಂತಿರುವ ಪರಿಸ್ಥಿತಿಯನ್ನು ನೋಡುವುದಿಲ್ಲ. 1977ರಲ್ಲಿ ಮನಃಶಾಸ್ತ್ರಜ್ಞ ಲೀ ರಾಸ್ ಇದಕ್ಕೆ ‘ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್’ ಅಂತ ಹೆಸರಿಟ್ಟರು. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿಯೂ ಕೊಟ್ಟಿದ್ದೇನೆ. 12 ಮಕ್ಕಳಿಗೆ ಗ್ಲೌಸ್ ಇರಲಿಲ್ಲ. ಹಾಗಾಗಿ ಆ 11 ಚೀಲದಲ್ಲಿ ಎಷ್ಟು ಗುಂಪಿನ ಪರಿಣಾಮ, ಎಷ್ಟು ನನ್ನ ಖರೀದಿಯ ಕೊರತೆ ಅಂತ ಬಿಡಿಸಿ ಹೇಳಲಾರೆ. ಎರಡನೇ ಸಲ ಎಲ್ಲರಿಗೂ ಗ್ಲೌಸ್ ಇತ್ತು.

ಮರುದಿನ ಕ್ಲಾಸಿನಲ್ಲಿ, ಬೈದದ್ದು ಎಲ್ಲರ ಎದುರಿಗೆ ಆದ್ದರಿಂದ, ತಪ್ಪಾಯಿತು ಅಂತ ಎಲ್ಲರ ಎದುರಿಗೇ ಅವಳಿಗೆ ಹೇಳಿದೆ. ಈಗ ಎನ್ನೆಸ್ಸೆಸ್ ಸಾಮಾನಿನ ಪಟ್ಟಿ ಬರೆಯುವುದು ಅವಳೇ. ಮೊದಲ ಸಾಲಿನಲ್ಲಿ ಗ್ಲೌಸ್ ಇರುತ್ತದೆ, ಮಕ್ಕಳ ಸಂಖ್ಯೆಗಿಂತ ಐದು ಜೊತೆ ಜಾಸ್ತಿ.