ಬೇಸಿಗೆಯ ಕೆರೆಯಂಗಳ, ಬಯಲ ಗೋಕಟ್ಟೆ: ಹಕ್ಕಿ ನೋಡುವುದು, ಫೋಟೊ ತೆಗೆಯುವುದು ಹೇಗೆ?

ಹಕ್ಕಿ ನೋಡುವ ಹವ್ಯಾಸದವರು ಚಳಿಗಾಲಕ್ಕೆ ಕಾಯುತ್ತಾರೆ. ವಲಸೆ ಬಂದ ಬಾತುಗಳು ಹೊರಟು ಹೋದವೆಂದರೆ ಹಲವರ ಬೈನಾಕ್ಯುಲರ್ ಕಪಾಟು ಸೇರುತ್ತದೆ. ದಾವಣಗೆರೆ, ಚಿತ್ರದುರ್ಗದ ಮಟ್ಟಿಗೆ ಅಷ್ಟು ಬೇಗ ಅದನ್ನು ಒಳಗಿಡಬಾರದು. ಏಪ್ರಿಲ್, ಮೇ ಹೊತ್ತಿಗೆ ಹಳ್ಳಕೊಳ್ಳ ಬತ್ತಿ, ಎಲ್ಲೋ ಚದುರಿದ್ದ ಹಕ್ಕಿಗಳು ಉಳಿದ ನೀರಿಗೇ ಬರುತ್ತವೆ. ಕುರುಚಲು ಕಾಡಿನ ಎಲೆ ಉದುರಿ ಮರೆ ಕಡಿಮೆಯಾಗುತ್ತದೆ. ಇಲ್ಲೇ ಇರುವ ಎಷ್ಟೋ ಹಕ್ಕಿಗಳು ಮೊಟ್ಟೆಯಿಡುವುದೂ ಈಗಲೇ.

ಅವುಗಳ ಪಾಲಿಗೆ ಅತಿ ಕಷ್ಟದ ಕಾಲವೂ ಇದೇ. ಆದ್ದರಿಂದ ಒಂದು ಮಾತು ಮೊದಲೇ ಗಟ್ಟಿಯಾಗಲಿ: ನಾವು ಹೋದೆವೆಂದು ಹಕ್ಕಿ ಎದ್ದು ಹೋಗಬಾರದು. ಹೊರಡುವ ಹೊತ್ತು, ಕೂರುವ ಜಾಗ, ಎಷ್ಟು ಹತ್ತಿರ ಹೋಗಬೇಕೆಂಬುದು, ಎಲ್ಲವೂ ಇದನ್ನೇ ನೋಡಿಕೊಂಡು ತೀರ್ಮಾನವಾಗಬೇಕು.

ಜಾಗ ಆರಿಸಿಕೊಳ್ಳಿ

ಹೊಸಬರಿಗೆ ದಾವಣಗೆರೆ ನಗರದಂಚಿನ ಕುಂದುವಾಡ ಕೆರೆ ಸಾಕು. ಏರಿಯ ಮೇಲೆ ನಡೆಯುತ್ತಲೇ ನೀರುಕಾಗೆ, ಗುಳುಮುಳುಕ, ಬೆಳ್ಳಕ್ಕಿ, ಮಿಂಚುಳ್ಳಿಗಳನ್ನು ಗುರುತು ಹಿಡಿಯುವುದು ಕಲಿಯಬಹುದು. ಕೊಂಡಜ್ಜಿಯಲ್ಲಿ ಕೆರೆಯ ಪಕ್ಕದಲ್ಲೇ ಗುಡ್ಡದ ಕಾಡಿರುವುದರಿಂದ ನೀರಿನ ಹಕ್ಕಿ, ಮರದ ಹಕ್ಕಿ ಎರಡನ್ನೂ ಒಂದೇ ಬೆಳಿಗ್ಗೆ ನೋಡಬಹುದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಬಹಳ ದೊಡ್ಡದು. ಅಲ್ಲಿ ಇಡೀ ಕೆರೆ ಸುತ್ತಲು ಹೋಗದೆ, ನೀರು ಇಳಿದ ಒಂದು ಮೂಲೆ ಹಿಡಿದು ಕೂರುವುದೇ ಜಾಣತನ. ಹಿರಿಯೂರಿನ ವಾಣಿವಿಲಾಸ ಸಾಗರವೂ ಹಾಗೆಯೇ. 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಕಳೆದ ವರ್ಷ ಹಕ್ಕಿ ಸಿಕ್ಕ ದಂಡೆಯೇ ಈ ವರ್ಷವೂ ಸಿಗುತ್ತದೆಂದು ನಂಬಬೇಡಿ.

ಮರಳುಗಾಡು ನಮ್ಮಲ್ಲಿಲ್ಲ. ಅದಕ್ಕೆ ಹತ್ತಿರದ ಒಣ ಬಯಲು ಬೇಕಾದರೆ ಚಳ್ಳಕೆರೆ ಕಡೆಯ ಹುಲ್ಲುಗಾವಲಿಗೆ ಹೋಗಬೇಕು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳು ಮೇದ ಕಾವಲುಗಳಿವು. ಒಂದಷ್ಟು ಭಾಗ ಈಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. ಬೇಲಿಯ ಹತ್ತಿರ ಉದ್ದ ಲೆನ್ಸ್ ಹಿಡಿದು ಓಡಾಡುವುದು ಬೇಡ. ಜೋಗಿಮಟ್ಟಿ ಮತ್ತು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮಗಳಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. ಅಲ್ಲಿ ಕರಡಿ, ಚಿರತೆ ಇವೆ. ಒಬ್ಬರೇ ನಡೆಯುವ ಜಾಗವಲ್ಲ.

ಬೆಳಕು ಹರಿಯುವ ಮೊದಲೇ ತಲುಪಿ

ಮೇ ತಿಂಗಳಲ್ಲಿ ನಮ್ಮ ಕಡೆ ಆರು ಗಂಟೆ ಹೊತ್ತಿಗೆಲ್ಲ ಸೂರ್ಯ ಹುಟ್ಟುತ್ತಾನೆ. ಐದೂವರೆಗೆ ಜಾಗದಲ್ಲಿರಬೇಕು. ಎಂಟೂವರೆವರೆಗಿನ ಬೆಳಕು ಚೆನ್ನ. ಒಂಬತ್ತು ದಾಟಿತೆಂದರೆ ನೆಲ ಕಾದು ಝಳ ಏಳುತ್ತದೆ. ಬಿಸಿಗಾಳಿಯ ಪದರಗಳು ಬೆಳಕನ್ನು ಅತ್ತಿತ್ತ ಬಾಗಿಸುವುದರಿಂದ ದೂರದ ಹಕ್ಕಿ ನೀರಿನೊಳಗಿದ್ದಂತೆ ಅಲುಗುತ್ತದೆ, ಗರಿಯ ವಿವರ ಕಲಸಿಹೋಗುತ್ತದೆ. ಎಷ್ಟೇ ದುಬಾರಿ ಲೆನ್ಸ್ ಇದ್ದರೂ ಇದಕ್ಕೆ ಮದ್ದಿಲ್ಲ. ಆ ಹೊತ್ತಿನಲ್ಲಿ ಕ್ಯಾಮೆರಾ ಒಳಗಿಟ್ಟು ಆಲದ ಮರದ ಕೆಳಗೆ ಕೂತು ಬೈನಾಕ್ಯುಲರ್‌ನಲ್ಲಿ ನೋಡಿ. ಸಂಜೆ ಐದರ ನಂತರ ಮತ್ತೆ ಹೊರಡಬಹುದು.

ತಲೆಗೆ ಟವೆಲ್ಲೋ ಅಗಲ ಟೋಪಿಯೋ ಇರಲಿ. ತಲಾ ಮೂರು ಲೀಟರ್ ನೀರು, ಉಪ್ಪು ಹಾಕಿದ ಮಜ್ಜಿಗೆ, ಒಂದೆರಡು ಓಆರ್‌ಎಸ್ ಪೊಟ್ಟಣ. ಬಟ್ಟೆ ಮಣ್ಣಿನ ಬಣ್ಣದ್ದಾಗಿದ್ದರೆ ಒಳ್ಳೆಯದು.

ಕೆರೆಯಂಗಳದಲ್ಲಿ ನಡೆಯುವ ಬಗೆ

ನೀರು ಇಳಿದ ಅಂಗಳ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಕೆಳಗೆ ಹಸಿ ಹೂಳಿರುತ್ತದೆ. ಮೊಣಕಾಲವರೆಗೆ ಕಾಲು ಹೂತುಹೋಗಬಹುದು. ದನ, ಕುರಿ ನಡೆದ ಜಾಡಿನಲ್ಲೇ ನಡೆಯಿರಿ. ಮೀನು ಹಿಡಿಯುವವರ ಬಲೆಯ ಹತ್ತಿರ ಹೋಗಬೇಡಿ.

ಕಡಿಮೆ ನೀರಿನಲ್ಲಿ ಮೀನು ಗುಂಪುಗೂಡಿರುವ ಕಡೆ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್), ಕೆಂಬರಲು (ಐಬಿಸ್), ಚಮಚದ ಕೊಕ್ಕುಗಳು ಒಟ್ಟಿಗೆ ಮೇಯುವುದನ್ನು ಕಾಣಬಹುದು. ಅವುಗಳ ಕಡೆ ನೇರವಾಗಿ ನಡೆಯಬೇಡಿ. ಬೇರೆಲ್ಲಿಗೋ ಹೊರಟವರಂತೆ ಓರೆಯಾಗಿ ನಾಲ್ಕು ಹೆಜ್ಜೆ ಹಾಕಿ, ಕೂತು, ನೋಡಿ. ಮೇಯುತ್ತಿದ್ದ ಹಕ್ಕಿ ಕತ್ತು ನಿಗುರಿಸಿ ನಿಮ್ಮನ್ನೇ ನೋಡಿದರೆ ಅಲ್ಲೇ ನಿಲ್ಲಿ. ಮೈ ಮುಂದಕ್ಕೆ ಬಾಗಿಸಿ ಹಿಕ್ಕೆ ಹಾಕಿದರೆ ಹಾರಲು ಸಿದ್ಧವಾಗಿದೆ ಎಂದರ್ಥ. ನಿಧಾನವಾಗಿ ಹಿಂದೆ ಸರಿಯಿರಿ. ಮತ್ತೆ ತಲೆ ತಗ್ಗಿಸಿ ಮೇಯತೊಡಗಿತೆಂದರೆ ನೀವು ಕೂತ ದೂರ ಅದಕ್ಕೆ ಒಪ್ಪಿಗೆಯಾಗಿದೆ. ಇದಕ್ಕಿಂತ ಒಳ್ಳೆಯ ಉಪಾಯವೆಂದರೆ ಹಕ್ಕಿ ಬರುವ ಮೊದಲೇ ಹೋಗಿ ಕೂರುವುದು. ಆಗ ಎಷ್ಟು ಹತ್ತಿರ ಬರಬೇಕೆಂದು ಅದೇ ನಿರ್ಧರಿಸುತ್ತದೆ.

ಗೋಕಟ್ಟೆಯ ಬಳಿ ಕಾಯುವುದು

ಬಯಲಿನಲ್ಲಿ ಹಕ್ಕಿಯನ್ನು ಹುಡುಕಿಕೊಂಡು ಅಲೆದರೆ ಬಿಸಿಲು ತಿಂದದ್ದೇ ಬಂತು. ನೀರಿರುವ ಗೋಕಟ್ಟೆ, ಅಂದರೆ ದನಕರು ನೀರು ಕುಡಿಯುವ ಕಟ್ಟೆ, ಎಲ್ಲಿದೆಯೆಂದು ಕುರಿಗಾಹಿಗಳನ್ನು ಕೇಳಿ. "ಯಜಮಾನ್ರೇ, ಬೆಳಿಗ್ಗೆ ಹಕ್ಕಿ ನೀರಿಗೆ ಎಲ್ಲಿ ಇಳೀತಾವೆ?" ಅಂದರೆ ಸಾಕು, ದಿನವೂ ಅಲ್ಲೇ ಇರುವವರು ದಿಕ್ಕು, ಹೊತ್ತು ಎರಡನ್ನೂ ಹೇಳುತ್ತಾರೆ.

ಇಲ್ಲಿ ಕಾದು ನೋಡಲೇಬೇಕಾದದ್ದು ಸ್ಯಾಂಡ್‌ಗ್ರೌಸ್. ಪಾರಿವಾಳದಷ್ಟು ಗಾತ್ರ, ಮಣ್ಣಿನದೇ ಬಣ್ಣ, ಚೂಪು ಬಾಲ. ಒಣ ಕಾಳು ತಿಂದು ಬದುಕುವ ಹಕ್ಕಿಯಾದ್ದರಿಂದ ನೀರಿಲ್ಲದೆ ಆಗದು. ಸೂರ್ಯ ಹುಟ್ಟಿ ಎರಡು ಮೂರು ಗಂಟೆಯಾದ ಮೇಲೆ ಗುಂಪಾಗಿ ಬಂದು, ಮೇಲೆ ಒಂದೆರಡು ಸುತ್ತು ಹಾಕಿ, ನೀರಿನಿಂದ ಸ್ವಲ್ಪ ದೂರದಲ್ಲಿ ಇಳಿಯುತ್ತವೆ. ಗುಡುಗುಡು ನಡೆದು ಬಂದು ಗುಟುಕರಿಸಿ ಹಾರುತ್ತವೆ. ಎಲ್ಲವೂ ಕ್ಷಣಗಳ ಕೆಲಸ. ಗಂಡುಹಕ್ಕಿ ಮಾತ್ರ ಕೆಲವೊಮ್ಮೆ ನೀರಿಗಿಳಿದು ಹೊಟ್ಟೆ ಅದ್ದಿಕೊಂಡು ಕೂರುತ್ತದೆ. ಅದರ ಹೊಟ್ಟೆಗರಿಯ ನವಿರು ಎಳೆಗಳು ಸುರುಳಿ ಸುತ್ತಿಕೊಂಡಿದ್ದು, ನೆಂದೊಡನೆ ಬಿಚ್ಚಿಕೊಂಡು ನೀರು ಹಿಡಿದಿಡುತ್ತವೆ. ಆ ಒದ್ದೆ ಗರಿ ಹೊತ್ತು ಮರಿಗಳ ಬಳಿಗೆ ಹಾರುತ್ತದೆ. ಮರಿಗಳು ಗರಿಯನ್ನು ಕೊಕ್ಕಿನಲ್ಲಿ ಎಳೆದು ನೀರು ಕುಡಿಯುತ್ತವೆ.

ನೀರಿನ ಪಕ್ಕದಲ್ಲೇ ನೀವು ನಿಂತಿದ್ದರೆ ಗುಂಪು ಸುತ್ತು ಹಾಕಿ ಹಾಗೆಯೇ ಹೊರಟುಹೋಗುತ್ತದೆ. ಎಲ್ಲೋ ಬಯಲಿನಲ್ಲಿ ಮರಿಗಳು ಅಂದು ಬಾಯಾರಿ ಕಾಯುತ್ತವೆ. ಆದ್ದರಿಂದ ಏಳು ಗಂಟೆಯೊಳಗೆ ನೀರಿನಿಂದ ಮೂವತ್ತು ಮೀಟರಾದರೂ ದೂರದ ಜಾಲಿ ಮರದ ನೆರಳು ಹಿಡಿದು, ಸೂರ್ಯ ಬೆನ್ನ ಹಿಂದೆ ಇರುವಂತೆ ಕೂರಿ. ಹಕ್ಕಿಗಳು ಬಂದು ಹೋದ ಮೇಲೆಯೇ ಏಳಿ.

ನೆಲದ ಗೂಡು ಕಂಡರೆ

ತೇನೆಹಕ್ಕಿ, ಅಂದರೆ ಟಿಟ್ಟಿಭ, ಗರಸು ನೆಲದಲ್ಲೇ ಸಣ್ಣ ಗುಳಿ ಮಾಡಿ, ಸುತ್ತ ಕಲ್ಲುಚೂರು, ಆಡಿನ ಹಿಕ್ಕೆ ಜೋಡಿಸಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆಯಿಡುತ್ತದೆ. ಬೂದು ಮೈಗೆ ಕಪ್ಪು ಮಚ್ಚೆಯಿರುವ ಆ ಮೊಟ್ಟೆ ಕಾಲಡಿ ಬರುವವರೆಗೂ ಕಾಣಿಸದು. ಉರಿಬಿಸಿಲಿನಲ್ಲಿ ತಾಯಿ, ತಂದೆ ಸರದಿಯಲ್ಲಿ ಮೊಟ್ಟೆಗೆ ನೆರಳಾಗಿ ನಿಲ್ಲುತ್ತವೆ, ಹೊಟ್ಟೆ ನೆನೆಸಿಕೊಂಡು ಬಂದು ತಂಪು ಮಾಡುತ್ತವೆ. ನಾವು ಹತ್ತಿರ ನಿಂತಷ್ಟು ಹೊತ್ತೂ ಮೊಟ್ಟೆ ಬಿಸಿಲಿನಲ್ಲಿ ಬೇಯುತ್ತದೆ.

ತಲೆಯ ಮೇಲೆ ಟಿಟ್ಟಿಭ ಕಿರುಚುತ್ತ ಎರಗಿದರೆ ಗೂಡು ಹತ್ತಿರದಲ್ಲೇ ಇದೆ. ಹುಡುಕಬೇಡಿ. ಬಂದ ಹೆಜ್ಜೆಯಲ್ಲೇ ಹಿಂದಿರುಗಿ. ಗೂಡಿನ ಫೋಟೊ ತೆಗೆಯದಿರುವುದೇ ನನ್ನ ಮಟ್ಟಿಗೆ ಸರಿಯಾದ ಕ್ರಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನು ಬೇಟೆ ಎಂಬ ಪದದೊಳಗೇ ಸೇರಿಸಿದೆ.

ಕ್ಯಾಮೆರಾ ಹೊಂದಿಸುವುದು

ನೋಡುವುದಕ್ಕೆ 8×42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಗಾಜಿನ) ಬೈನಾಕ್ಯುಲರ್, ತೆಗೆಯುವುದಕ್ಕೆ 400 ಮಿ.ಮೀ. ಅಥವಾ ಹೆಚ್ಚಿನ ಲೆನ್ಸ್ ಇದ್ದರೆ ಅನುಕೂಲ. ಹಾರುವ ಹಕ್ಕಿಗೆ ಶಟರ್ ವೇಗ 1/2000 ಸೆಕೆಂಡ್, ಕೂತದ್ದಕ್ಕೆ 1/500ರ ಆಸುಪಾಸು, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) ಆಟೊದಲ್ಲಿರಲಿ. ಬೆಳ್ಳಕ್ಕಿಯಂಥ ಬಿಳಿ ಹಕ್ಕಿ ಕಪ್ಪು ನೀರಿನ ಮುಂದೆ ನಿಂತಾಗ ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಒಳಬರುವ ಬೆಳಕು ಅರ್ಧದಷ್ಟಾಗುವಂತೆ, ಇಳಿಸದಿದ್ದರೆ ಗರಿಯೆಲ್ಲ ಸುಣ್ಣ ಬಳಿದಂತಾಗುತ್ತದೆ. ನೆಲಗುಬ್ಬಿಯಂಥವನ್ನು ನಿಂತು ತೆಗೆದರೆ ಬರೀ ಬೆನ್ನು ಬರುತ್ತದೆ. ಹೊಟ್ಟೆ ಮೇಲೆ ಮಲಗಿ, ಹಕ್ಕಿಯ ಕಣ್ಣಿನ ಮಟ್ಟಕ್ಕೆ ಲೆನ್ಸ್ ತನ್ನಿ.

ಕಾರಿನೊಳಗಿಂದ ತೆಗೆಯುವವರು ಎಂಜಿನ್, ಏಸಿ ಎರಡನ್ನೂ ಆರಿಸಿ. ಒಳಗಿನ ತಂಪು, ಹೊರಗಿನ ಬಿಸಿ ಕಿಟಕಿಯಲ್ಲಿ ಬೆರೆತರೆ ಅಲ್ಲೇ ಝಳ ಹುಟ್ಟುತ್ತದೆ. ಕಿಟಕಿಯ ಮೇಲೆ ಲೆನ್ಸ್ ಊರಲು ಬಟ್ಟೆ ಚೀಲಕ್ಕೆ ಎರಡು ಕೆ.ಜಿ. ಮೆಕ್ಕೆಜೋಳ ತುಂಬಿ ಬಾಯಿ ಹೊಲಿದರೆ ಸಾಕು. ಗಾಳಿಗೆ ದೂಳೇಳುವ ಬಯಲಿನಲ್ಲಿ ಲೆನ್ಸ್ ಬಿಚ್ಚಬೇಡಿ.

ಮನೆಗೆ ಬಂದ ಮೇಲೆ

ನೋಡಿದ ಹಕ್ಕಿಗಳ ಪಟ್ಟಿಯನ್ನು ಅಂದೇ ಇ-ಬರ್ಡ್ ಎಂಬ, ಹಕ್ಕಿ ಕಂಡ ಲೆಕ್ಕ ಬರೆದಿಡುವ ಆ್ಯಪ್‌ನಲ್ಲಿ ದಾಖಲಿಸಿ. ಕಾಗೆ, ಗೊರವಂಕವನ್ನೂ ಬಿಡದೆ ಎಣಿಕೆ ಬರೆಯಿರಿ. ನಮ್ಮ ಕೆರೆಗಳಿಂದ ಬೇಸಿಗೆಯ ಪಟ್ಟಿಗಳು ಹೆಚ್ಚು ಬರಬೇಕಿದೆ. ಫೋಟೊ ಹಂಚಿಕೊಳ್ಳುವಾಗ ಗೂಡು, ಮರಿ ಇರುವ ಜಾಗದ ಹೆಸರು, ಗುರುತು ಹಾಕಬೇಡಿ, ತಾಲ್ಲೂಕಿನ ಹೆಸರು ಸಾಕು. ಮೊಬೈಲ್ ಫೋಟೊ ಕಳಿಸುವ ಮೊದಲು ಅದರೊಳಗಿನ ಲೊಕೇಶನ್ ಮಾಹಿತಿಯನ್ನೂ ತೆಗೆದುಬಿಡಿ.