ಎಕ್ಸ್‌ಎಂಎಲ್::ಪಾರ್ಸರ್ ಇನ್‌ಸ್ಟಾಲ್ ಆಗದಿದ್ದಾಗ

ಉಡುಪಿಯ ಒಂದು ಆಫೀಸಿನ ಉಬುಂಟು ಮೆಷಿನ್. ಪರ್ಲ್ ಭಾಷೆಯಲ್ಲಿ ಎಕ್ಸ್‌ಎಂಎಲ್ ಫೈಲು ಓದುವ ಮಾಡ್ಯೂಲ್ ಎಕ್ಸ್‌ಎಂಎಲ್::ಪಾರ್ಸರನ್ನು (XML::Parser), ಪರ್ಲ್ ಮಾಡ್ಯೂಲು ಹಾಕುವ ಟೂಲ್ ಸಿಪಾನ್‌ಎಂ (cpanm) ಮೂಲಕ ಎಷ್ಟು ಸಲ ಹಾಕಿದರೂ ಇನ್‌ಸ್ಟಾಲ್ ಫೇಲ್ ಆಗುತ್ತಿತ್ತು. ಪರದೆಯ ಕೊನೆಯ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ. ಹೋಮ್ ಫೋಲ್ಡರಿನಲ್ಲಿ ಅಡಗಿರುವ .ಸಿಪಾನ್‌ಎಂ ಒಳಗಿನ ಬಿಲ್ಡ್.ಲಾಗ್ (~/.cpanm/build.log) ತೆರೆದು, ಮೊದಲ ಎರರ್ ಸಿಗುವವರೆಗೆ ಮೇಲಕ್ಕೆ ಹೋಗಬೇಕು. ಇಲ್ಲಿ ಸಿಕ್ಕಿದ್ದು: ಎಕ್ಸ್‌ಪ್ಯಾಟ್.ಎಚ್ (expat.h) ಎಂಬ ಹೆಡರ್ ಫೈಲ್ ಇಲ್ಲ.

ಈ ಮಾಡ್ಯೂಲಿನ ಒಂದು ಭಾಗ ಸಿ ಭಾಷೆಯಲ್ಲಿದೆ, ಅದು ನಮ್ಮ ಮೆಷಿನ್ನಿನಲ್ಲೇ ಕಂಪೈಲ್ ಆಗಬೇಕು. ಅದಕ್ಕೆ ಬೇಕಾದ, ಎಕ್ಸ್‌ಎಂಎಲ್ ಓದುವ ಲೈಬ್ರರಿ ಲಿಬ್‌ಎಕ್ಸ್‌ಪ್ಯಾಟ್1 ಮೊದಲೇ ಇತ್ತು, ಆದರೆ ಕಂಪೈಲ್ ಮಾಡಲು ಬೇಕಾದ ಹೆಡರ್ ಫೈಲುಗಳು ಬರುವುದು ಲಿಬ್‌ಎಕ್ಸ್‌ಪ್ಯಾಟ್1-ಡೆವ್ ಪ್ಯಾಕೇಜಿನಲ್ಲಿ. ಎಲ್ಲರೂ ಎಡವುವುದು ಇಲ್ಲೇ. ಅದನ್ನೂ ಸಿ ಕಂಪೈಲರ್ ತರುವ ಬಿಲ್ಡ್-ಎಸೆನ್ಶಿಯಲ್ ಪ್ಯಾಕೇಜನ್ನೂ ಉಬುಂಟುವಿನ ಪ್ಯಾಕೇಜ್ ಟೂಲ್ ಎಪಿಟಿಯಿಂದ (apt) ಹಾಕಿ ಸಿಪಾನ್‌ಎಂ ಮತ್ತೆ ಓಡಿಸಿದೆ, ಸರಿಯಾಯಿತು. ಫೆಡೋರಾ ಲಿನಕ್ಸಿನಲ್ಲಾದರೆ ಹೆಡರ್ ಪ್ಯಾಕೇಜಿನ ಹೆಸರು ಎಕ್ಸ್‌ಪ್ಯಾಟ್-ಡೆವೆಲ್. ಹೀಗೆಯೇ ನೆಟ್::ಎಸ್‌ಎಸ್‌ಎಲ್‌ಇಎವೈ (Net::SSLeay) ಮಾಡ್ಯೂಲಿಗೆ ಉಬುಂಟುವಿನಲ್ಲಿ ಲಿಬ್‌ಎಸ್‌ಎಸ್‌ಎಲ್-ಡೆವ್ ಬೇಕು. ಹೆಡರ್ ಯಾವ ಪ್ಯಾಕೇಜಿನದ್ದೆಂದು ತಿಳಿಯದಿದ್ದರೆ ಎಪಿಟಿ-ಫೈಲ್ ಹುಡುಕಿ ಕೊಡುತ್ತದೆ. ಸಿಪಾನ್‌ಎಂಗೆ ಫೋರ್ಸ್ (--force) ಕೊಡಬೇಡಿ ಮಾರಾಯ್ರೇ, ಹೆಡರ್ ಇಲ್ಲದೆ ಕಂಪೈಲ್ ಆಗುವುದೇ ಇಲ್ಲ.

ಉಬುಂಟುವಿನ ಸ್ವಂತ ಪರ್ಲ್ ಸಾಕಾದರೆ ಲಿಬ್‌ಎಕ್ಸ್‌ಎಂಎಲ್-ಪಾರ್ಸರ್-ಪರ್ಲ್ ಎಂಬ ಸಿದ್ಧ ಪ್ಯಾಕೇಜೇ ಇದೆ. ನನ್ನ ಮೊದಲ ಆಯ್ಕೆ ಅದೇ. ಆದರೆ ಪ್ರತ್ಯೇಕ ಪರ್ಲ್ ಹಾಕಿಕೊಡುವ ಪರ್ಲ್‌ಬ್ರೂನಲ್ಲಿ (perlbrew) ಹಾಕಿದ ಪರ್ಲ್‌ಗೆ ಅದು ಕಾಣುವುದಿಲ್ಲ.

ಮಳೆಗಾಲದಲ್ಲಿ ಎಪಿಟಿ ಇನ್‌ಸ್ಟಾಲ್ ನಡುವೆ ಕರೆಂಟು ಹೋದರೆ, ಮೊದಲು ಸೂಡೊ ಡಿಪಿಕೆಜಿ --ಕಾನ್ಫಿಗರ್ -ಎ (sudo dpkg --configure -a) ಕೊಟ್ಟು ಅರ್ಧಕ್ಕೆ ನಿಂತದ್ದನ್ನು ಮುಗಿಸಿ, ಆಮೇಲೆ ಉಳಿದದ್ದು.